ಶಿಕ್ ಅಲ್ಲದ ಕೈ

ಗಂಡು ನನ್ನನ್ನು ಬೇಡ ಅಂದದ್ದಲ್ಲ, ನಾನೇ ಅವನನ್ನು ಬೇಡ ಅಂದದ್ದು. ನೆಂಟರು ಎಷ್ಟು ತಿರುಚಿ ಹೇಳಿದರೂ ನಡೆದದ್ದು ಇಷ್ಟೇ.

ಮೊನ್ನೆ ಮೊಮ್ಮಗಳು ಹೊಸ ಸೀರೆ ಉಟ್ಟು, "ಅಜ್ಜೀ, ಶಿಕ್ ಆಗಿದೀನಾ?" ಅಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಈ ಮಾತು ಅವಳಮ್ಮ ಹುಟ್ಟುವುದಕ್ಕೂ ಮುಂಚೆಯೇ ನನಗೆ ಗೊತ್ತು. ನನಗೆ ಬರುವ ಫ್ರೆಂಚ್ ಅದೊಂದೇ.

ಮಹಾರಾಜರ ಕಾಲ. ಮಧುಗಿರಿಯ ನಮ್ಮ ಮನೆಗೆ ಶಿರಾದ ಕಡೆಯಿಂದ ಗಂಡು ಬಂದ. ಬೆಂಗಳೂರಿನಲ್ಲಿ ಓದಿದವನು, ಸುಡುಬಿಸಿಲಲ್ಲೂ ಕೋಟು. ಹೆಣ್ಣು ತೋರಿಸುವ ದಿನ ಪಕ್ಕದ ಮನೆಯ ಒಡವೆ ಎರವಲು ತಂದು ಹಾಕುವುದು ನಮ್ಮಲ್ಲಿ ರೂಢಿ. ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ನನ್ನ ಕತ್ತಿನಲ್ಲಿದ್ದ ಅಡ್ಡಿಕೆ ಪಕ್ಕದ ಮನೆಯ ಗೌರಕ್ಕನದು. ಗೌರಕ್ಕ ಬಾಗಿಲ ಸಂದಿಯಲ್ಲಿ ನಿಂತು ಅದನ್ನೇ ಕಾಯುತ್ತಿದ್ದಳು.

ಗಂಡು ನನ್ನನ್ನು ನೋಡಿ "ಶಿಕ್" ಅಂದ.

"ಅಂಗಂದ್ರೇನು ಸ್ವಾಮಿ?" ಅಂದರು ಅಪ್ಪ. ನನ್ನ ಹಿಂದೆ ಇನ್ನೂ ಮೂವರು ಹೆಣ್ಣುಮಕ್ಕಳು. ಇದೊಂದು ಸಾಗಿಹೋಗಲಿ ಅಂತ ಜೀವ ಹಿಡಿದುಕೊಂಡು ಕೂತಿದ್ದರು.

"ಫ್ರೆಂಚರ ಮಾತು. ಆಡಂಬರ ಇಲ್ದೆ ಲಕ್ಷಣವಾಗಿರೋದಕ್ಕೆ ಹಾಗಂತಾರೆ. ಉಡುಪಿಗೂ ಸೈ, ಮನುಷ್ಯರಿಗೂ ಸೈ. ಮೂಲದಲ್ಲಿ ಜರ್ಮನರದ್ದು ಅಂತಲೂ ಹೇಳ್ತಾರೆ."

"ಅವ್ರೂ ಎರವಲು ತಂದವ್ರಾ!" ಒಳಗಿನಿಂದ ನಮ್ಮಜ್ಜಿ. "ಕೇಳ್ದೇನೇ ಗೌರಿ?"

ಅಪ್ಪ ಜೋರಾಗಿ ಕೆಮ್ಮಿದರು.

ಒಪ್ಪಿಗೆಯಾಯಿತು. ಗಂಡಿನ ತಾಯಿ ಹೂ ಮುಡಿಸಿದರೆ ಮುಗಿಯಿತು, ಆಮೇಲೆ ಹೆಣ್ಣು ಅವರದು. ಆಕೆ ಎದ್ದು ಬಂದರು. ಬಾಯಿ ತುಂಬ ಎಲೆಅಡಿಕೆ, ಮೊಣಕೈವರೆಗೂ ಹಚ್ಚೆ.

"ಅವ್ವಾ, ನೀನು ಕೂತ್ಕೊ," ಅಂದ ಮಗ. "ಅಕ್ಕ ಮುಡಿಸ್ಲಿ. ನಿನ್ನ ಹಚ್ಚೆ ಕೈ ಶಿಕ್ ಆಗಿಲ್ಲ." ಅಂದು ನಮ್ಮ ಕಡೆ ನೋಡಿ ನಕ್ಕ, ನಾವೂ ನಗಬೇಕು ಅನ್ನುವ ಹಾಗೆ.

ಆಕೆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂತರು. ಅವನ ಅಕ್ಕ ಹೂ ಹಿಡಿದು ಬಂದಳು. ನಾನು ತಲೆ ಹಿಂದಕ್ಕೆ ಎಳೆದುಕೊಂಡೆ.

"ಅವ್ರವ್ವ ಮುಡ್ಸಿದ್ರೆ ಮುಡ್ಕೋತೀನಿ. ಇಲ್ದಿದ್ರೆ ಬ್ಯಾಡ."

"ಲೇ!" ಅಂದರು ಅಪ್ಪ. ಗಂಡು ಕೋಟು ಕೊಡವಿಕೊಂಡು ಎದ್ದೇಬಿಟ್ಟ.

ಆ ತಾಯಿ ನನ್ನನ್ನು ಹರಸಿದರು ಅಂದುಕೊಂಡಿರಾ? "ನನ್ ಮಗನ್ಗೇ ಎದುರಾಡ್ತಾಳೆ, ಬಾಯ್ಬಡ್ಕಿ!" ಅಂತ ಶಾಪ ಹಾಕುತ್ತಲೇ ಗಾಡಿ ಹತ್ತಿದರು. ಹಾಕಲಿ. ಅವರಿಗೋಸ್ಕರ ಬೇಡ ಅಂದದ್ದಲ್ಲ. ಇಂದು ತಾಯಿ ಕೈ, ನಾಳೆ ನನ್ನ ಕೈ. ಅಷ್ಟು ಲೆಕ್ಕ ಎರಡನೇ ಕ್ಲಾಸಿನವರಿಗೂ ಬರುತ್ತದೆ.

ಮರುದಿನ ಬೆಳಿಗ್ಗೆ, ಅಪ್ಪ ಏಳುವ ಮೊದಲೇ, ಕೆರೆಯಂಗಳದಲ್ಲಿ ಬೀಡುಬಿಟ್ಟಿದ್ದ ಹಚ್ಚೆಯವಳ ಮುಂದೆ ಹೋಗಿ ಕೂತು ಕೈ ಚಾಚಿದೆ.

"ಏನ್ ಬರೀಲವ್ವಾ?"

"ಏನಾರ ಬರಿ. ಕೋಟು ಹಾಕ್ಕೊಂಡ್ ಬಂದೋರಿಗೆ ಬಾಗ್ಲಲ್ಲೇ ಕಾಣೋ ಅಂಗಿರ್ಲಿ."