ಐದು ಸ್ಟಾರಿಗೆ ಎಷ್ಟು ಉಪ್ಪು?

ಆ ಶನಿವಾರ ಸಿಡ್ನಿಯ ನಮ್ಮ ಪೆಂಡಲ್ ಹಿಲ್ ಬಡಾವಣೆಯ ಅಂಗಡಿಯಲ್ಲಿ ನನ್ನ ಹೆಂಡತಿ ಸುಮಾ ಎರಡು ಕಿಲೋ ಕಲ್ಲುಪ್ಪು ಕೊಂಡಳು. ಇರುವ ಇಬ್ಬರಿಗೆ ಇಷ್ಟು ಉಪ್ಪೇ ಎಂದೆ.

"ಮಗಳಿಗೆ ರಿವ್ಯೂನಲ್ಲಿ ನಾಲ್ಕು ಸ್ಟಾರ್ ಬಂದಿದೆ ಕಣ್ರೀ. ನಾಳೆ ಊಟಕ್ಕೆ ಬರ್ತಾಳೆ, ದೃಷ್ಟಿ ತೆಗೀಬೇಡ್ವಾ?"

ಮರುದಿನ ಬೆಳಿಗ್ಗೆ ಸುಮಾ ಏಳಲಿಲ್ಲ. ಎಂಟು ತಿಂಗಳಾಯಿತು.

ಮಗಳು ದೀಪ್ತಿ ಆಪೆರಾ ಹಾಡುತ್ತಾಳೆ. ಮೆಝೋ ಸೊಪ್ರಾನೋ, ಅಂದರೆ ಹೆಣ್ಣುದನಿಗಳಲ್ಲಿ ನಡುವಿನದು. ಹೀರೋಯಿನ್ ಪಾತ್ರಗಳೆಲ್ಲ ಹೆಚ್ಚಾಗಿ ಮೇಲಿನ ದನಿಯವರಿಗೆ. ಇವಳಿಗೆ ಸಿಗುವುದು ಮಾಟಗಾತಿ, ಕೆಲಸದವಳು, ಇಲ್ಲವೇ ಪ್ಯಾಂಟು ತೊಟ್ಟ ಹುಡುಗ. (ಸಂಬಂಧ ತರುವವರಿಗೆ ಇದನ್ನು ವಿವರಿಸುವುದನ್ನು ಬಿಟ್ಟು ವರ್ಷಗಳಾದವು.)

ಕಳೆದ ವಾರ ಮೆಲ್ಬರ್ನ್‌ನಲ್ಲಿ ಅವಳು ಹುಡುಗನಾಗಿದ್ದಳು. ಮೊದಲ ಪ್ರದರ್ಶನಕ್ಕೆ ಸಿಡ್ನಿಯಿಂದ ಹೋದೆ. ಮರುದಿನ ಬೆಳಿಗ್ಗೆ, ಶೋಗಳಿಗೆಂದು ಅವಳು ಬಾಡಿಗೆಗೆ ಹಿಡಿದಿದ್ದ ಫ್ಲಾಟಿನಲ್ಲಿ ಕಾಫಿ ಕುಡಿಯುತ್ತ ರಿವ್ಯೂ ನೋಡಿದೆ. ಐದು ಸ್ಟಾರ್! ದನಿ ವೆಲ್ವೆಟ್ ಅಂತೆ, ಡಾರ್ಕ್ ಚಾಕೊಲೇಟ್ ಅಂತೆ. (ಬಟ್ಟೆ ಅಂಗಡಿಯೋ ಬೇಕರಿಯೋ, ಮೊದಲು ತೀರ್ಮಾನಿಸಲಿ.) ಜೇಬಿಗೆ ಕೈ ಇಳಿಸಿ ಅವಳು ನಿಂತ ಬಗೆಗೇ ಒಂದು ಪ್ಯಾರಾ. ಅದು ನನ್ನ ನಿಲುವು, ಸ್ವಾಮಿ! ಬಸ್‌ಸ್ಟಾಪಿನಲ್ಲಿ ನಾನು ನಿಲ್ಲುವುದೇ ಹಾಗೆ. ನನಗೆ ಯಾರು ಅರ್ಧ ಸ್ಟಾರ್ ಕೊಟ್ಟರು?

ಇಷ್ಟು ಹೊಗಳಿದರೆ ಸುಮಾ ಸುಮ್ಮನಿರುತ್ತಿದ್ದಳೇ? ಪ್ರತಿ ರಿವ್ಯೂಗೂ ಮಗಳನ್ನು ನಿಲ್ಲಿಸಿ ನಿವಾಳಿಸುತ್ತಿದ್ದಳು. (ನಾನು ಆಗ ಪಕ್ಕದ ರೂಮಿನಲ್ಲಿ ಕ್ರಿಕೆಟ್ ನೋಡುತ್ತಿದ್ದೆ.) ನಾಲ್ಕು ಸ್ಟಾರಿಗೆ ಉಪ್ಪಾದರೆ ಐದಕ್ಕೆ ಮೆಣಸಿನಕಾಯಿಯೂ ಬೇಡವೇ? ನಮ್ಮಮ್ಮ ಹಾಗೇ ಮಾಡುತ್ತಿದ್ದರು. ಮಲಗಿದ್ದ ದೀಪ್ತಿಯ ತಲೆಯ ಸುತ್ತ ಏಳು ಬ್ಯಾಡಗಿ ಮೆಣಸಿನಕಾಯಿ ನಿವಾಳಿಸಿ ಕಾದ ಬಾಣಲೆಗೆ ಹಾಕಿದೆ.

ದೃಷ್ಟಿ ಜೋರಾಗಿದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರೆ.

ಬಂತು.

ಸ್ಮೋಕ್ ಅಲಾರಂ ಕಿರುಚಿತು. ಆರು ಮಹಡಿಯ ಜನ ನೈಟ್‌ಡ್ರೆಸ್ಸಿನಲ್ಲಿ ಬೀದಿಗಿಳಿದರು. ಅಲ್ಲಿ ಬೆಕ್ಕು ಎತ್ತಿಕೊಂಡಿದ್ದ ಹೆಂಗಸೊಬ್ಬಳು ದೀಪ್ತಿಯನ್ನು ಗುರುತಿಸಿ, ರಾತ್ರಿ ಸ್ಟೇಜಿನ ಮೇಲಿದ್ದ ಹುಡುಗ ನೀನೇ ಅಲ್ಲವೇ, ಎಂಥ ದನಿ ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದಳು. ಮತ್ತೆ ದೃಷ್ಟಿ! ಫೈರ್ ಎಂಜಿನ್‌ನವನು ಬಾಣಲೆ ನೋಡಿ ಇದು ಏನು ಅಡುಗೆ ಎಂದ. ಐದು ಸ್ಟಾರಿನದು ಎಂದೆ.

ದೀಪ್ತಿ ಮಾತ್ರ ಗಂಟಲು ಹಿಡಿದುಕೊಂಡು ಕೆಮ್ಮುತ್ತಿದ್ದಳು. ಸಂಜೆ ಮತ್ತೆ ಶೋ. ದನಿ ಹೊರಡದಿದ್ದರೆ?

ಮಧ್ಯಾಹ್ನದವರೆಗೆ ಬಿಸಿನೀರು ಕುಡಿಯುತ್ತ ದನಿಗೆ ವಿಶ್ರಾಂತಿ ಕೊಟ್ಟಳು. ಮೂರು ಗಂಟೆಗೆ ಬಾತ್‌ರೂಮಿನಿಂದ ಒಂದು ಸ್ವರ ಹೊರಟಿತು. ಉದ್ದಕ್ಕೆ, ಒಡೆಯದೆ. ನಾನು ಸೋಫಾದ ಮೇಲೆ ಕುಸಿದು ನಕ್ಕೆ.

"ಅಪ್ಪ, ಅಮ್ಮ ನೆವರ್ ಯೂಸ್ಡ್ ಚಿಲ್ಲಿ," ಎಂದಳು ಹೊರಗೆ ಬಂದು. "ನನ್ನ ಥ್ರೋಟ್‌ಗೆ ಬ್ಯಾಡ್ ಅಂತ. ಜಸ್ಟ್ ಉಪ್ಪು, ಆಮೇಲೆ ನೀರಿಗೆ ಹಾಕೋಳು. ಕಮ್, ಸರಿಯಾಗಿ ಮಾಡು."

ಪೂರ್ವಕ್ಕೆ ಮುಖ ಮಾಡಿ, ಜೇಬಿಗೆ ಕೈ ಹಾಕಿಕೊಂಡು ನಿಂತಳು. ಮುಷ್ಟಿಯಲ್ಲಿ ಉಪ್ಪು ಹಿಡಿದು ಒಂದು ಸುತ್ತು ಸುತ್ತಿಸಿ ನಿಲ್ಲಿಸಿದೆ. ನಿವಾಳಿಸುವಾಗ ಸುಮಾ ಏನೋ ಗೊಣಗುತ್ತಿದ್ದಳು. ಗೋಡೆಯಾಚೆಗೂ ಕೇಳುತ್ತಿತ್ತು.

"ಏನಂತಿದ್ಲು ಅಮ್ಮ?" ಎಂದು ಕೇಳಿದೆ.

"ಐ ಥಾಟ್, ನಿಂಗೆ ಗೊತ್ತಿರತ್ತೆ ಅಂತ," ಎಂದಳು ದೀಪ್ತಿ.

ಉಳಿದ ಎರಡು ಸುತ್ತು ಸುಮ್ಮನೇ ಸುತ್ತಿಸಿದೆ. ಸಂಜೆ ಚೆನ್ನಾಗಿಯೇ ಹಾಡಿದಳು, ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಸುಮಾ ಹೇಳುತ್ತಿದ್ದ ಆ ಮಾತು ಮಾತ್ರ ನಮ್ಮಿಬ್ಬರಿಗೂ ಗೊತ್ತಿಲ್ಲ.