ಸ್ಕ್ಯಾನ್ ಬಾಗಿಲಲ್ಲಿ ನಿಲ್ಲಿಸಿದ ಕುರ್ಚಿ

೨೦೦೩ರಲ್ಲಿ ನಾನು ಪಶ್ಚಿಮ ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಪೋರ್ಟರ್ ಆಗಿದ್ದೆ. ರೋಗಿಗಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಒಂದು ವಿಭಾಗದಿಂದ ಇನ್ನೊಂದಕ್ಕೆ ಒಯ್ಯುವ ಕೆಲಸ. ಏಳನೇ ತರಗತಿಗೇ ಶಾಲೆ ಬಿಟ್ಟವನು ನಾನು. ಬೆಂಗಳೂರಿನ ಪೀಣ್ಯದಲ್ಲಿ ಹನ್ನೊಂದು ವರ್ಷ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸಿ, ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿದ್ದರಿಂದ ಬಂದೆ. ಮೂರು ವರ್ಷದಲ್ಲಿ ಒಂದು ದಿನವೂ ತಡವಾಗಿ ಹೋದವನಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ವರ್ಷ ನಮ್ಮಲ್ಲಿ ಒಂದು ಪ್ರಯೋಗ ನಡೆದಿತ್ತು. ಪಾರ್ಕಿನ್ಸನ್ ಎಂದರೆ ಕೈ ನಡುಗುವ ಕಾಯಿಲೆ ಎಂದಷ್ಟೇ ನಾನು ತಿಳಿದಿದ್ದೆ. ಕೆಲವರಿಗೆ ಯೋಚನೆ, ನೆನಪೂ ತಡವರಿಸುತ್ತವಂತೆ. ಅಂಥವರ ತಲೆಯ ಹೊರಗೆ ಎಂಟರ ಆಕಾರದ ಕಾಯಿಲ್, ಅಂದರೆ ತಂತಿಯ ಸುರುಳಿ, ಹಿಡಿದು, ಕಾಂತದ ಮಿಡಿತ ಕಳಿಸಿ, ಮೆದುಳನ್ನು ಚುರುಕುಗೊಳಿಸಬಹುದೇ ಎಂದು ನೋಡುತ್ತಿದ್ದರು. ಟಿಎಂಎಸ್ ಎಂದು ಹೆಸರು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಗುಣ ಕಾಣುತ್ತದೆಂದು ಯಾರೂ ಖಾತ್ರಿ ಕೊಟ್ಟಿರಲಿಲ್ಲ. ಕಾಯಿಲ್ ಎಲ್ಲಿ ಹಿಡಿಯಬೇಕೆಂದು ಗುರುತಿಸಲು ಮೊದಲು ಎಂಆರ್‌ಐ ಸ್ಕ್ಯಾನ್. ಆ ಯಂತ್ರವೇ ಒಂದು ದೈತ್ಯ ಅಯಸ್ಕಾಂತ; ಹಗಲೂ ರಾತ್ರಿ ಆರುವುದಿಲ್ಲ. ಮೈಯೊಳಗೆ ಕಬ್ಬಿಣವಿದ್ದರೆ ಎಳೆದೀತು ಎಂದು ಮೊದಲೇ ಫಾರಂ ತುಂಬಿಸುತ್ತಾರೆ.

ಮಾರ್ಚಿನ ಒಂದು ಬೆಳಗ್ಗೆ ಶಂಕರಪ್ಪ ಎಂಬುವರನ್ನು ಸ್ಕ್ಯಾನಿಗೆ ಒಯ್ಯಬೇಕಿತ್ತು. ಹುಬ್ಬಳ್ಳಿಯವರು, ಎಪ್ಪತ್ತರ ಹತ್ತಿರದ ವಯಸ್ಸು. ಜೊತೆಗೆ ಇಲ್ಲೇ ಲಂಡನ್ನಿನ ಹೇಸ್‌ನಲ್ಲಿ ಬೆಳೆದ ಮಗಳು ಸುಮಾ. ಲೋಹವಿಲ್ಲವೆಂದು ಫಾರಂ ಅವಳೇ ತುಂಬಿದ್ದಳು.

"ಎನಿ ಮೆಟಲ್ ಇನ್ ಯುವರ್ ಹೆಡ್ ಅಂತ ಕೇಳಿದ್ರೆ ಡ್ಯಾಡ್ ಜೋಕ್ ಮಾಡ್ತಾರೆ ಅಂಕಲ್," ಎಂದಳು.

"ಮತ್ತೇನ! ತಲ್ಯಾಗ ಮೆದುಳೇ ಉಳಿದಿಲ್ಲ, ಕಬ್ಬಿಣ ಎಲ್ಲಿಂದ ಬರ್ಬೇಕವಾ?" ಎಂದು ನಕ್ಕ ಶಂಕರಪ್ಪ ನನ್ನತ್ತ ತಿರುಗಿ ದನಿ ತಗ್ಗಿಸಿದರು. "ಚಹಾ ಮಾಡಾಕ ನಿಂತ್ರ ನೀರು ಮೊದ್ಲೋ ಪುಡಿ ಮೊದ್ಲೋ ತಿಳೀವಲ್ದು ತಮ್ಮಾ. ಈ ಮಷೀನಿಂದ ಸರಿ ಆಗಬೋದಂತ."

ಕಾರಿಡಾರಿನಲ್ಲಿ ಕುರ್ಚಿ ತಳ್ಳುತ್ತಿದ್ದಾಗ ಅವರ ಬಲಗೈ ನೋಡಿದೆ. ನಡುಕದ ನಡುವೆಯೂ ಬೆರಳುಗಳು ಕಾಣದ ಲೇತ್ ಹಿಡಿಯೊಂದನ್ನು ತಿರುಗಿಸುತ್ತಿದ್ದವು.

"ಯಜಮಾನ್ರೇ, ಟರ್ನರ್ ಆಗಿದ್ರಾ?"

"ಹೆಂಗ ಗೊತ್ತಾತು? ಹುಬ್ಬಳ್ಳ್ಯಾಗ ಒಂಬತ್ತು ವರ್ಷ!"

"ಹಂಗಾದ್ರೆ ಕಣ್ಣಿಗೆ ಚೂರು ಬಿದ್ದಿರ್ಬೇಕು," ಎಂದು ತಮಾಷೆಗೆ ಅಂದೆ.

"ಬೀಳ್ದಿದ್ರ ಅಂವ ಎಂಥಾ ಟರ್ನರೋ? ಈ ಬಲಗಣ್ಣಾಗ ಒಂದು ಹೊಕ್ಕಿತ್ತು. ಹೊರಗ ಬಂತೋ ಇಲ್ಲೋ ದೇವ್ರಿಗೇ ಗೊತ್ತು. ಎರಡು ದಿನಕ್ಕ ನೋವು ನಿಂತಿತು."

ನನ್ನ ಕಾಲು ನಿಂತಿತು. ಪೀಣ್ಯದಲ್ಲಿ ಕಣ್ಣಿಗೆ ಚೂರು ಹಾರಿದರೆ ನಾವು ನಾಣ್ಯದಷ್ಟಗಲದ ಅಯಸ್ಕಾಂತವನ್ನು ರೆಪ್ಪೆಯ ಬಳಿ ಹಿಡಿದು ಎಳೆಯುತ್ತಿದ್ದೆವು. ಚೂರು ಜಿಗಿದು ಬರುತ್ತಿತ್ತು. ಈಗ ಹತ್ತು ಹೆಜ್ಜೆಯಾಚೆ ಗೋಡೆಯಷ್ಟು ದೊಡ್ಡ ಅಯಸ್ಕಾಂತ ಕಾದಿತ್ತು. ನನ್ನ ಕಣ್ಣಿಗೂ ಎಷ್ಟೋ ಸಲ ಚೂರು ಹಾರಿತ್ತು. ಆದರೂ ಕೆಲಸಕ್ಕೆ ಸೇರುವಾಗ, ಮೈಯಲ್ಲಿ ಲೋಹವಿದೆಯೇ ಎಂಬ ಅದೇ ಪ್ರಶ್ನೆಗೆ ನಾನೂ "ಇಲ್ಲ" ಎಂದೇ ಬರೆದಿದ್ದೆ. ಬಾಯಿ ಬಿಟ್ಟರೆ ಅದೂ ಹೊರಬರುತ್ತಿತ್ತು.

ಸ್ಕ್ಯಾನ್ ತೆಗೆಯುವ ರೇಡಿಯೋಗ್ರಾಫರ್ ಹೆಂಗಸು ಬಾಗಿಲು ತೆರೆದು, ಫಾರಂ ಸರಿಯಿದೆ, ಕರೆತನ್ನಿ ಎಂದಳು. ನಾನು ಬ್ರೇಕ್ ಹಾಕಿದೆ.

ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟು: "ಇವರು ಲೇತ್ ಕೆಲಸದವರು. ಅಂಥವರು ಕಣ್ಣಿನ ಚೂರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನೂ ಲೇತ್ ಕೆಲಸದವನೇ. ನಾನೂ ಸುಳ್ಳು ಬರೆದಿದ್ದೇನೆ."

ಅವಳು ಬಾಗಿಲು ಮುಚ್ಚಿದಳು. ಕೂಡಲೇ ಕಣ್ಣಿನ ಎಕ್ಸ್‌ರೇ ತೆಗೆಸಿದರು. ಬಲಗಣ್ಣಿನ ಹಿಂದೆ ಎಳ್ಳಿನಷ್ಟು ಬಿಳಿ ಚುಕ್ಕೆ.

ಶಂಕರಪ್ಪನವರನ್ನು ಪ್ರಯೋಗದಿಂದ ಕೈಬಿಟ್ಟರು. ಸುಮಾ ನನ್ನ ಕೈ ಹಿಡಿದು ಅತ್ತಳು. ಅವರು ಮಾತ್ರ ನನ್ನ ಮುಖ ನೋಡಲಿಲ್ಲ.

"ಬಾಗಲತನಕ ತಂದು ತಿರುಗಿಸಿದ್ಯಲ್ಲೋ. ಕಣ್ಣು ಹೋದ್ರ ಹೋಗ್ತಿತ್ತು, ತಲಿ ಬರ್ತಿತ್ತಲ್ಲ."

ನಾನು ಕುರ್ಚಿಯನ್ನು ಮತ್ತೆ ಕಾರಿಡಾರಿನತ್ತ ತಿರುಗಿಸಿದೆ.

ಅದೇ ಮಧ್ಯಾಹ್ನ ನನ್ನ ಎಕ್ಸ್‌ರೇಯೂ ಆಯಿತು. ಫಲಿತಾಂಶಕ್ಕೆ ಕಾದ ಇಪ್ಪತ್ತು ನಿಮಿಷವೂ, ಆ ಸ್ಕ್ಯಾನ್ ಕೋಣೆಗೆ ಎಷ್ಟು ಸಲ ಹೋಗಿ ಬಂದೆನೆಂದು ಎಣಿಸಲು ನೋಡಿ ಲೆಕ್ಕ ತಪ್ಪುತ್ತಿದ್ದೆ. ಕಣ್ಣಿನಲ್ಲಿ ಏನೂ ಇರಲಿಲ್ಲ. ಸುಳ್ಳಿಗೆ ಎಚ್ಚರಿಕೆ ಪತ್ರ ಬಂತು. ಅದನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ನೆನಪು ಕೈಕೊಡುತ್ತಿರುವವರ ಕೈಗೆ ನಾವು ಹಳೆಯದನ್ನೆಲ್ಲ ನೆನೆದು ತುಂಬಬೇಕಾದ ಫಾರಂ ಕೊಡುತ್ತಿದ್ದೆವು. ನಿವೃತ್ತನಾಗುವವರೆಗೂ ನಾನು ಯಾರನ್ನೂ ಮೈಯಲ್ಲಿ ಲೋಹವಿದೆಯೇ ಎಂದು ಮೊದಲು ಕೇಳಲಿಲ್ಲ. ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದೆ. ಅವರ ಮಾತು ಮುಗಿಯುವವರೆಗೆ ಬ್ರೇಕ್ ತೆಗೆಯಲಿಲ್ಲ.