ಗೇರುಬೀಜ ಆರಿಸುವ ಕಂಪ್ಯೂಟರಿನೊಂದಿಗೆ

ಬಂಟ್ವಾಳದಲ್ಲಿ ಬೆಳ್ತಂಗಡಿಯ ಬಸ್ಸು ಹತ್ತಿದಾಗ ನನ್ನ ಮಡಿಲಲ್ಲಿ ಕಂಪ್ಯೂಟರಿನ ಮಾನಿಟರ್ ಇತ್ತು. “ಟಿ.ವಿ.ಗೆ ಅರ್ಧ ಟಿಕೆಟ್ ಆಗ್ತದೆ ಮಾಷ್ಟ್ರೇ,” ಎಂದ ಕಂಡಕ್ಟರ್ ಹಾಗೆಯೇ ಹರಿದುಕೊಟ್ಟ. ಉಳಿದ ಪೆಟ್ಟಿಗೆಗಳನ್ನು ನೆರೆಮನೆಯ ಹನೀಫ್ ಕಾಲಡಿಯಲ್ಲಿ ಇಟ್ಟುಕೊಂಡಿದ್ದ.

ಅದು ಎರಡು ಸಾವಿರದ ಇಸವಿಯ ನಂತರದ ಒಂದು ಏಪ್ರಿಲ್. ಗಲ್ಫಿನ ದಮ್ಮಾಮಿನಲ್ಲಿದ್ದ ಕೆಲಸ ಬಿಟ್ಟು ಬಂದ ಹನೀಫ್, ಕ್ಯಾಮೆರಾದಲ್ಲಿ ಗೇರುಬೀಜದ ತಿರುಳನ್ನು ನೋಡಿ ಒಳ್ಳೆಯದು, ಕೆಟ್ಟದ್ದು ಎಂದು ಬೇರ್ಪಡಿಸುವ ಯಂತ್ರ ಮಾಡಿದ್ದ. ಅದನ್ನು ಗೇರುಬೀಜದ ಕಾರ್ಖಾನೆಗಳಿಗೆ ತೋರಿಸಿ ಮಾರಲು ಹೊರಟಿದ್ದೆವು. ಕೃತಕ ಬುದ್ಧಿ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅವನಿಂದಲೇ.

“ಮಕ್ಕಳಿಗೆ ಅಕ್ಷರ ತೋರಿಸಿದ ಹಾಗೆ ಇದಕ್ಕೆ ಬೀಜ ತೋರಿಸಿದ್ದೇನೆ. ಇವತ್ತು ಯಾರೂ ಒಪ್ಪದಿದ್ರೆ ಪುನಃ ದಮ್ಮಾಮಿಗೇ ಹೋಗ್ಬೇಕು ಮಾಷ್ಟ್ರೇ.”

ಮಡಂತ್ಯಾರಿನಲ್ಲಿ ಬಸ್ಸು ನಿಂತಾಗ ಬನ್ಸ್ ತಿಂದೆವು. ಅವನು ಅರ್ಧವನ್ನೂ ಮುಗಿಸಲಿಲ್ಲ.

ಲಾಯಿಲದ ಕಾರ್ಖಾನೆಯಲ್ಲಿ ಯಂತ್ರವನ್ನು ದೊಡ್ಡ ಕಿಟಕಿಯ ಬಳಿ ಜೋಡಿಸಿದೆವು. ಹಾಲಿನಂಥ ಒಳ್ಳೆಯ ತಿರುಳನ್ನೆಲ್ಲ ಅದು ಕೆಟ್ಟದ್ದರ ಬುಟ್ಟಿಗೆ ತಳ್ಳಿತು. ಮಾಲೀಕರು ನಕ್ಕರು. “ಇದಕ್ಕೆ ಕನ್ನಡಕ ಬೇಕು ಮಾರಾಯ್ರೆ!”

ವೇಣೂರು ದಾರಿಯಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಹನೀಫ್ ಕಿಟಕಿಯಾಚೆಯ ಬಿಸಿಲನ್ನೇ ನೋಡುತ್ತ ಕುಳಿತ. ಆಮೇಲೆ ತಟ್ಟನೆ ಹೇಳಿದ: “ನಾನು ಕಲಿಸಿದ್ದು ಮನೆಯ ಟ್ಯೂಬ್‌ಲೈಟಿನಲ್ಲಿ. ಇದು ಬಿಸಿಲನ್ನೇ ನೋಡಿಲ್ಲ.”

“ಮೂಡುಬಿದಿರೆಯಲ್ಲಿ ಕಿಟಕಿ ಮುಚ್ಚಿಸುವ,” ಎಂದೆ ನಾನು.

“ಇವತ್ತು ಮುಚ್ಚಿಸಬಹುದು. ನಾಳೆ ಅವರು ತೆರೀತಾರಲ್ಲ?”

ಮೂಡುಬಿದಿರೆಯ ಕಾರ್ಖಾನೆಯ ಯಜಮಾನರು ಧರಣೇಂದ್ರ ಎಂಬ ಜೈನರು. ಮಜ್ಜಿಗೆ ಕೊಟ್ಟು, “ತೋರಿಸಿ, ನೋಡುವ,” ಎಂದರು. ಹನೀಫ್ ಪೆಟ್ಟಿಗೆ ಬಿಚ್ಚಲಿಲ್ಲ. ಬೆಳಿಗ್ಗೆ ನಡೆದದ್ದನ್ನು ಇದ್ದಂತೆ ಹೇಳಿದ. “ನಿಮ್ಮ ಬೆಳಕಿನಲ್ಲಿ, ನಿಮ್ಮ ಬೀಜದಲ್ಲೇ ಮೊದಲಿನಿಂದ ಕಲಿಸಬೇಕು ಧನಿಗಳೇ. ಅಲ್ಲಿವರೆಗೆ ಇದನ್ನು ಮಾರುವುದಿಲ್ಲ.”

ಧರಣೇಂದ್ರರು ಹೆಂಗಸರು ಬೀಜ ಆರಿಸುತ್ತಿದ್ದತ್ತ ಕೈ ತೋರಿಸಿದರು. “ಮೂಲೆಯಲ್ಲಿ ಜಾಗ ಉಂಟು. ಮಳೆ ಹಿಡಿಯುವವರೆಗೆ ಇಲ್ಲೇ ಕಲಿಸಿ. ಸರಿಯಾದ್ರೆ ಕೊಳ್ಳುವ, ಇಲ್ಲದಿದ್ರೆ ತಕೊಂಡು ಹೋಗಿ.”

ಹನೀಫನ ಮುಖ ಅರಳಿತು. ಅಷ್ಟರಲ್ಲಿ, ಬೀಜ ಆರಿಸುತ್ತಿದ್ದ ಸುಮತಿ ಎಂಬವರು ಕತ್ತೆತ್ತಿ ಕೇಳಿದರು: “ಇದು ಕಲಿತ್ರೆ ಮತ್ತೆ ನಮಗೆ ಕೆಲಸ ಉಂಟಾ?”

ಧರಣೇಂದ್ರರು ಹನೀಫನತ್ತ ನೋಡಿದರು. ಅವನು ತಡವರಿಸಿದ. “ಗೊತ್ತಿಲ್ಲ ಅಕ್ಕ. ಇದೆ ಅಂತ ಸುಳ್ಳು ಹೇಳ್ಲಿಕ್ಕೆ ಆಗುವುದಿಲ್ಲ.”

ಸುಮತಿ ಬೀಜದ ತಟ್ಟೆಯನ್ನು ಹತ್ತಿರ ಎಳೆದುಕೊಂಡರು.

ಹನೀಫ್ ಅಲ್ಲೇ ಉಳಿದ. ನಾನೊಬ್ಬನೇ ಸಂಜೆಯ ಬಸ್ಸಿಗೆ ಹೊರಟೆ. ಗೇಟಿನ ಬಳಿ ತಿರುಗಿ ನೋಡಿದೆ. ಒಂದೇ ರಾಶಿಯ ಆ ತುದಿಯಲ್ಲಿ ಸುಮತಿ, ಈ ತುದಿಯಲ್ಲಿ ಯಂತ್ರಕ್ಕೆ ಕಲಿಸಲು ಕುಳಿತ ಹನೀಫ್, ಇಬ್ಬರೂ ತಲೆ ಬಗ್ಗಿಸಿ ಬೀಜ ಆರಿಸುತ್ತಿದ್ದರು.